ಚಕ್ರ ನೆಲ ಮುಟ್ಟಿದ ಮೇಲಿನ ಹಾರಾಟ

(ಮೈಸೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಹಾರಾಟ ಕಲಿಯುತ್ತಿರುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2023ರ ದಸರಾದಲ್ಲಿ ಬನ್ನಿಮಂಟಪದ ಮೇಲೆ ಸೂರ್ಯಕಿರಣ್ ತಂಡ ಹಾರಿದಾಗ ನಿಮ್ಮಲ್ಲಿ ಬಹಳ ಮಂದಿ ಕತ್ತೆತ್ತಿ ನಿಂತಿರುತ್ತೀರಿ. ಆ ಹಾಕ್ ವಿಮಾನಗಳು ಪ್ರದರ್ಶನ ಮುಗಿಸಿ ಎಲ್ಲಿ ಇಳಿದವು, ಹೇಗೆ ಇಳಿದವು ಎಂದು ಮೈದಾನದಲ್ಲಿದ್ದ ಯಾರೂ ನೋಡಲಿಲ್ಲ. ವೈಮಾನಿಕ ಕಸರತ್ತು ಎಂದರೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಆಕಾಶದಲ್ಲೇ ಶುರುವಾಗಿ ಆಕಾಶದಲ್ಲೇ ಮುಗಿಯುತ್ತದೆ. ಜೆಟ್‌ಗಳ ಮಟ್ಟಿಗೆ ಇದರಿಂದ ದೊಡ್ಡ ನಷ್ಟವೇನಿಲ್ಲ. ಮೂಗಿನ ಕೆಳಗೆ ಚಕ್ರವಿರುವ ಆ ವಿಮಾನಗಳು ನೆಲ ಮುಟ್ಟಿದ ಮೇಲೆ ತಾವಾಗಿಯೇ ನೇರಕ್ಕೆ ಬರಲು ನೋಡುತ್ತವೆ. ಆದರೆ ಪಿಟ್ಸ್, ಎಕ್ಸ್‌ಟ್ರಾ, ಡೆಕಾಥ್ಲಾನ್, ಜ್ಲಿನ್ 50 ಇಂಥ ಸಣ್ಣ ಪ್ರೊಪೆಲ್ಲರ್ ವಿಮಾನಗಳ ಕಥೆ ಬೇರೆ. ಇವುಗಳಿಗೆ ಎರಡು ಮುಖ್ಯ ಚಕ್ರ ಮುಂದೆ, ಒಂದು ಪುಟಾಣಿ ಚಕ್ರ ಬಾಲದಲ್ಲಿ. ಲೂಪ್, ರೋಲ್, ಸ್ಪಿನ್ ಎಲ್ಲವನ್ನೂ ಚೊಕ್ಕವಾಗಿ ಮಾಡಿ ಬಂದ ಪೈಲಟ್, ರನ್‌ವೇ ಮೇಲಿನ ಕೊನೆಯ ಇನ್ನೂರು ಮೀಟರ್‌ನಲ್ಲಿ ರೆಕ್ಕೆ ಮುರಿದುಕೊಳ್ಳಬಹುದು. ಇವತ್ತು ನಾನು ಮಾತಾಡುವುದು ಆ ಇನ್ನೂರು ಮೀಟರ್ ಬಗ್ಗೆ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಗಾಳಿಯಲ್ಲಿ ಈ ವಿಮಾನವನ್ನು ಚುರುಕಾಗಿಸುವ ಗುಣಗಳೇ ನೆಲದ ಮೇಲೆ ಅದನ್ನು ಮೊಂಡಾಗಿಸುತ್ತವೆ. ಎರಡನ್ನೂ ಬೇರ್ಪಡಿಸಲು ಬರುವುದಿಲ್ಲ. ಹಾಗಾಗಿ ಕಸರತ್ತು ಕಲಿಯುವವರು ಲೂಪ್‌ಗಿಂತ ಮೊದಲು ನೆಲದ ಓಟವನ್ನು ಕಲಿಯಬೇಕು.

ಕಾರಣ ಜ್ಯಾಮಿತಿಯಲ್ಲಿದೆ. ಮೂಗುಚಕ್ರದ ವಿಮಾನದಲ್ಲಿ ಗುರುತ್ವ ಕೇಂದ್ರ ಮುಖ್ಯ ಚಕ್ರಗಳ ಮುಂದಿರುತ್ತದೆ. ಬಾಲಚಕ್ರದ ವಿಮಾನದಲ್ಲಿ ಅದು ಮುಖ್ಯ ಚಕ್ರಗಳ ಹಿಂದಿರುತ್ತದೆ. ಇಲ್ಲದಿದ್ದರೆ ಅದು ಬಾಲದ ಮೇಲೆ ಕೂರುವುದೇ ಇಲ್ಲ, ಮುಗ್ಗರಿಸುತ್ತದೆ. ಮಂಡ್ಯದ ಕಡೆ ಕಬ್ಬು ಅರೆಯುವ ಕಾಲದಲ್ಲಿ ಓಡಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟ್ರೈಲರ್ ತುಂಬ ಕಬ್ಬು ಹೇರಿಕೊಂಡ ಟ್ರಾಕ್ಟರ್ ಇಳಿಜಾರಿನಲ್ಲಿ ಸ್ವಲ್ಪ ಓರೆಯಾಗಿದ್ದಾಗ ಬ್ರೇಕ್ ಬಿದ್ದರೆ, ಹಿಂದಿನ ಭಾರ ಮುಂದಕ್ಕೆ ನುಗ್ಗಿ ಟ್ರಾಕ್ಟರನ್ನೇ ತಿರುಗಿಸಿಬಿಡುತ್ತದೆ. ಬಾಲಚಕ್ರದ ವಿಮಾನದಲ್ಲೂ ಅದೇ ನಡೆಯುತ್ತದೆ. ಮೂಗು ಎಡಕ್ಕೆ ಕೊಂಚ ತಿರುಗಿತು ಎನ್ನಿ. ಹಿಂದಿರುವ ತೂಕ ಮೊದಲಿದ್ದ ದಿಕ್ಕಿನಲ್ಲೇ ಸಾಗಲು ನೋಡುತ್ತದೆ, ಮುಂದಿರುವ ಚಕ್ರಗಳು ಅಡ್ಡ ಎಳೆಯುತ್ತವೆ, ಈ ಎರಡರ ಜಗ್ಗಾಟ ಮೂಗನ್ನು ಇನ್ನಷ್ಟು ಎಡಕ್ಕೆ ತಳ್ಳುತ್ತದೆ. ತಿರುವು ಬಿಗಿಯಾದಷ್ಟೂ ಆ ತಳ್ಳು ಹೆಚ್ಚುತ್ತದೆ. ಯಾರೂ ತಡೆಯದಿದ್ದರೆ ವಿಮಾನ ಗಿರ್ರನೆ ಸುತ್ತಿ ಬಂದ ದಾರಿಗೇ ಮುಖ ಮಾಡಿ ನಿಲ್ಲುತ್ತದೆ. ಪೈಲಟ್‌ಗಳು ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ. ನಿಧಾನವಾಗಿ ಆದರೆ ಮುಜುಗರದಲ್ಲಿ ಮುಗಿಯುತ್ತದೆ. ವೇಗದಲ್ಲಿ ಆದರೆ ತಿರುವಿನ ಹೊರಬದಿಯ ಕಾಲು ಮಡಚಿಕೊಂಡು, ಆ ಬದಿಯ ರೆಕ್ಕೆಯ ತುದಿ ನೆಲಕ್ಕೆ ಬಡಿಯುತ್ತದೆ, ಕೆಲವೊಮ್ಮೆ ಪ್ರೊಪೆಲ್ಲರ್ ಕೂಡ.

ಇದಕ್ಕೆ ಕಸರತ್ತಿನ ವಿಮಾನದ ಮೈಕಟ್ಟನ್ನು ಸೇರಿಸಿ ನೋಡಿ. ಕರ್ಟಿಸ್ ಪಿಟ್ಸ್ ರೂಪಿಸಿದ, ಒಂದರ ಮೇಲೊಂದು ಎರಡು ರೆಕ್ಕೆಯಿರುವ ಪಿಟ್ಸ್ ವಿಮಾನ ಮೊದಲು ಹಾರಿದ್ದು 1944ರಲ್ಲಿ. ಅದರ ಒಂದು ಸೀಟಿನ ಎಸ್-1 ಮಾದರಿಯ ಉದ್ದ ಸುಮಾರು 15.5 ಅಡಿ, ಮೇಲಿನ ರೆಕ್ಕೆಯ ಹರವು 17 ಅಡಿಗಿಂತ ತುಸು ಹೆಚ್ಚು, ಖಾಲಿ ತೂಕ ಸುಮಾರು 325 ಕಿಲೋ. ಇಷ್ಟು ಗಿಡ್ಡ ಇರುವುದರಿಂದಲೇ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಉರುಳುತ್ತದೆ. ಇಷ್ಟು ಗಿಡ್ಡ ಇರುವುದರಿಂದಲೇ ನೆಲದ ಮೇಲೆ ಅದರ ಮೂಗು ಅಷ್ಟೇ ಬೇಗ ಆಚೀಚೆ ಹೊರಳುತ್ತದೆ. ಮುಖ್ಯ ಚಕ್ರಗಳ ನಡುವಿನ ಅಂತರ ಕಡಿಮೆ. ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಕೆಳಗೆ ಬಾಗಿ ವೇಗ ತಗ್ಗಿಸಲು ನೆರವಾಗುವ ಫ್ಲಾಪ್ ಇಲ್ಲ. ಎಂಜಿನ್ ದಪ್ಪ, ಅದರ ಹಿಂದೆ ತಗ್ಗಾಗಿ ಕುಳಿತ ಪೈಲಟ್. ಮೂರೂ ಚಕ್ರ ನೆಲದಲ್ಲಿದ್ದಾಗ ಮುಂದೆ ಕಾಣುವುದು ಎಂಜಿನ್ ಮುಚ್ಚಳ ಮಾತ್ರ. ರನ್‌ವೇ ಅದರ ಹಿಂದೆ ಎಲ್ಲೋ ಅಡಗಿರುತ್ತದೆ.

ಹಾಗಿದ್ದರೂ ವಿನ್ಯಾಸಕಾರರು ಬಾಲಚಕ್ರವನ್ನೇಕೆ ಬಿಡಲಿಲ್ಲ? ಮೂಗಿನ ಕಾಲು ಭಾರ, ಗಾಳಿಗೆ ಅಡ್ಡ. ಪುಟ್ಟ ಬಾಲಚಕ್ರ ಆ ತೂಕವನ್ನೂ ತಡೆಯನ್ನೂ ಉಳಿಸುತ್ತದೆ. ಮೂಗು ಎತ್ತರದಲ್ಲಿರುವುದರಿಂದ ದೊಡ್ಡ ಪ್ರೊಪೆಲ್ಲರ್‌ಗೆ ನೆಲದಿಂದ ಬೇಕಾದಷ್ಟು ಜಾಗವೂ ಸಿಗುತ್ತದೆ. ಸ್ಪರ್ಧೆಯಲ್ಲಿ ಹಾರುವವರು ಆ ಲಾಭವನ್ನು ಬಿಟ್ಟುಕೊಡುವವರಲ್ಲ.

ಈ ವಿದ್ಯೆ ನಮ್ಮ ನಾಡಿಗೆ ಹೊರಗಿನದೇನಲ್ಲ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಅಲ್ಲಿ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ತರಬೇತಿ ವಿಮಾನ ಎಚ್‌ಟಿ-2, 1951ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಹಾರಿತು. ಒಂದರ ಹಿಂದೊಂದು ಎರಡು ಸೀಟು, ಕೆಳಗೆ ಕೂಡಿಸಿದ ರೆಕ್ಕೆ, 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್, ಕಸರತ್ತಿಗೆ ತಕ್ಕ ಗಟ್ಟಿತನ, ಜೊತೆಗೆ ಬಾಲಚಕ್ರ. ಹಳೆಯ ಟೈಗರ್ ಮಾತ್ ತರಬೇತಿ ವಿಮಾನಗಳ ಜಾಗಕ್ಕೆ ಬಂದ ಈ ವಿಮಾನದಲ್ಲಿ ವಾಯುಪಡೆಯ ಎಷ್ಟೋ ಪೈಲಟ್‌ಗಳು ಮೊದಲ ಪಾಠ ಕಲಿತರು. 1958ರಲ್ಲಿ ಹಾರಿದ ಪುಷ್ಪಕ್ ಕೂಡ ಬಾಲಚಕ್ರದ್ದೇ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಅದು ವರ್ಷಗಟ್ಟಲೆ ದುಡಿಯಿತು. ಎಚ್‌ಟಿ-2ರ ನಂತರ ಬಂದ ಎಚ್‌ಪಿಟಿ-32ಕ್ಕೆ ಮೂಗುಚಕ್ರ. ಇಂದು ತರಬೇತಿ ಶಾಲೆಗಳಲ್ಲಿ ನೀವು ನೋಡುವ ಸೆಸ್ನಾಗಳಿಗೂ ಮೂಗುಚಕ್ರವೇ. ಅವು ಒಳ್ಳೆಯ ವಿಮಾನಗಳು. ಆದರೆ ಒಂದು ತಲೆಮಾರಿನ ಕಾಲುಗಳಿಗೆ ತಿಳಿದಿದ್ದ ವಿದ್ಯೆ ಮುಂದಿನ ತಲೆಮಾರಿಗೆ ದಾಟಲಿಲ್ಲ ಎಂಬ ಬೇಸರ ನನಗಿದೆ. ಅದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಈಗ ಇಳಿಯೋಣ.

ಪಿಟ್ಸ್‌ನಂಥ ವಿಮಾನದಲ್ಲಿ ದೂರದಿಂದ ನೇರವಾಗಿ ರನ್‌ವೇಗೆ ಬಂದರೆ ಕೊನೆಯಲ್ಲಿ ಏನೂ ಕಾಣುವುದಿಲ್ಲ. ಅದಕ್ಕೆ ರನ್‌ವೇಗೆ ಸಮಾನಾಂತರವಾಗಿ ಹಾರುತ್ತಿದ್ದಲ್ಲಿಂದಲೇ ಬಾಗಿದ ದಾರಿಯಲ್ಲಿ ಇಳಿಯುತ್ತ ಬರುತ್ತಾರೆ. ತಿರುಗುತ್ತಿರುವಷ್ಟು ಹೊತ್ತೂ ಒಳಬದಿಯಲ್ಲಿ ರನ್‌ವೇ ಕಾಣುತ್ತಿರುತ್ತದೆ. ಇನ್ನೊಂದು ದಾರಿ ಸ್ಲಿಪ್: ಒಂದು ರೆಕ್ಕೆ ತಗ್ಗಿಸಿ, ಎದುರು ಬದಿಯ ರಡ್ಡರ್ (ಕಾಲಿನ ಪೆಡಲ್‌ನಿಂದ ಆಚೀಚೆ ತಿರುಗುವ, ಬಾಲದ ನಿಂತ ಹಲಗೆ) ಒತ್ತಿ, ವಿಮಾನವನ್ನು ಓರೆಯಾಗಿ ಜಾರಿಸುವುದು. ಮೂಗು ಪಕ್ಕಕ್ಕೆ ಸರಿಯುವುದರಿಂದ ರನ್‌ವೇ ಕಾಣುತ್ತದೆ. ಗಾಳಿಯ ತಡೆ ಹೆಚ್ಚುವುದರಿಂದ ಫ್ಲಾಪ್ ಇಲ್ಲದೆಯೂ ಕಡಿದಾಗಿ ಇಳಿಯಬಹುದು. ನೆಲಕ್ಕೆ ಹತ್ತಿರವಾದಾಗ ಓರೆಯನ್ನು ಬಿಡಿಸಿ ಮೂಗನ್ನು ನೇರ ಮಾಡುತ್ತಾರೆ. ಆ ಕ್ಷಣದಿಂದ ಮುಂದಿನ ನೋಟ ಇಲ್ಲ.

ಹಾಗಾದರೆ ಕಣ್ಣು ಎಲ್ಲಿರಬೇಕು? ಮುಂದಕ್ಕೇ, ಆದರೆ ಯಾವುದೋ ಒಂದು ಬಿಂದುವಿನ ಮೇಲೆ ನೆಟ್ಟಿರಬಾರದು. ಎಂಜಿನ್ ಮುಚ್ಚಳದ ಎಡಕ್ಕೂ ಬಲಕ್ಕೂ ರನ್‌ವೇ ಅಂಚಿನ ಎರಡು ಸಣ್ಣ ತ್ರಿಕೋನಗಳು ಕಾಣುತ್ತವೆ. ಎರಡೂ ಒಂದೇ ಅಳತೆಯಲ್ಲಿದ್ದರೆ ನೀವು ನಡುವೆ ಇದ್ದೀರಿ. ಎಡದ ತ್ರಿಕೋನ ಕುಗ್ಗಿತೆಂದರೆ ಎಡಕ್ಕೆ ಸರಿಯುತ್ತಿದ್ದೀರಿ. ಒಂದು ಬದಿಗೆ ತಲೆ ಹೊರಳಿಸಿ ನೋಡಿದವರ ಕಾಲು ಅದೇ ಬದಿಗೆ ಒತ್ತುವುದನ್ನು ಹಿಂದಿನ ಸೀಟಿನಿಂದ ಮತ್ತೆ ಮತ್ತೆ ಕಂಡಿದ್ದೇನೆ. ತಲೆ ನೇರವಾಗಿರಲಿ, ಎರಡೂ ಅಂಚುಗಳು ಕಣ್ಣಿನ ಮೂಲೆಯಲ್ಲಿರಲಿ.

ನೆಲ ಮುಟ್ಟುವುದಕ್ಕೆ ಎರಡು ಪದ್ಧತಿ. ತ್ರೀ ಪಾಯಿಂಟ್ ಲ್ಯಾಂಡಿಂಗ್‌ನಲ್ಲಿ ಎಂಜಿನ್ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಪೂರ್ತಿ ಹಿಂದೆ, ನೆಲದಿಂದ ಒಂದೆರಡು ಅಡಿ ಮೇಲೆ ವಿಮಾನವನ್ನು ಹಿಡಿದುಕೊಂಡು, ವೇಗ ಇಳಿದಂತೆ ಸ್ಟಿಕ್ಕನ್ನು, ಅಂದರೆ ಕೈಯಲ್ಲಿ ಹಿಡಿಯುವ ನಿಯಂತ್ರಣದ ಕೋಲನ್ನು, ಹಿಂದಕ್ಕೆ ಎಳೆಯುತ್ತ ಹೋಗಬೇಕು. ವಿಮಾನ ಇನ್ನು ಹಾರಲಾರೆ ಎನ್ನುವ ಹೊತ್ತಿಗೆ ಮೂರೂ ಚಕ್ರ ಒಟ್ಟಿಗೆ ಕೂರುತ್ತವೆ. ಬಾಲಚಕ್ರ ಕೂದಲೆಳೆಯಷ್ಟು ಮುಂಚೆ ತಾಗಿದರೂ ಪರವಾಗಿಲ್ಲ. ವೀಲ್ ಲ್ಯಾಂಡಿಂಗ್‌ನಲ್ಲಿ ತುಸು ಹೆಚ್ಚು ವೇಗದಲ್ಲಿ, ಮುಖ್ಯ ಚಕ್ರಗಳನ್ನು ಮಾತ್ರ ಮೃದುವಾಗಿ ತಾಗಿಸಿ, ತಾಗಿದ ತಕ್ಷಣ ಸ್ಟಿಕ್ಕನ್ನು ಸ್ವಲ್ಪವೇ ಮುಂದಕ್ಕೆ ಕೊಟ್ಟು ರೆಕ್ಕೆಯ ಎತ್ತುಬಲವನ್ನು ಕಡಿಮೆ ಮಾಡುತ್ತಾರೆ. ಬಾಲ ಮೇಲೆ ಇರುವಷ್ಟು ಹೊತ್ತು ಮುಂದಿನ ನೋಟ ಚೆನ್ನಾಗಿರುತ್ತದೆ. ಆಮೇಲೆ ವೇಗ ಇಳಿದು ಬಾಲ ಕೆಳಗೆ ಬರುತ್ತದೆ. ಬಂದ ಮೇಲೆ ಸ್ಟಿಕ್ ಪೂರ್ತಿ ಹಿಂದೆ.

ಯಾವುದು ಒಳ್ಳೆಯದು ಎಂದು ಪೈಲಟ್‌ಗಳು ಗಂಟೆಗಟ್ಟಲೆ ವಾದಿಸುತ್ತಾರೆ. ಸಣ್ಣ ಕಸರತ್ತಿನ ವಿಮಾನಕ್ಕೆ ನನ್ನ ಆಯ್ಕೆ ತ್ರೀ ಪಾಯಿಂಟ್. ವೇಗ ಕಡಿಮೆಯಾದರೆ ಶಕ್ತಿ ಕಡಿಮೆ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಪಿಯುಸಿಯಲ್ಲೇ ಓದಿದ್ದೀರಿ. ಬಾಲಚಕ್ರ ಮೊದಲ ಕ್ಷಣದಿಂದಲೇ ನೆಲ ಕಚ್ಚಿ ದಿಕ್ಕು ಹಿಡಿಯಲು ನೆರವಾಗುತ್ತದೆ. ಪ್ರೊಪೆಲ್ಲರ್ ತುದಿ ನೆಲದಿಂದ ದೂರ ಇರುತ್ತದೆ. ವೀಲ್ ಲ್ಯಾಂಡಿಂಗ್ ಬೇಡ ಎನ್ನುತ್ತಿಲ್ಲ, ಅದನ್ನೂ ಕಲಿಯಿರಿ. ಆದರೆ ಮೊದಲು ಕಲಿಯುವುದು ಇದಾಗಿರಲಿ.

ಪುಟಿತದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ವಿಮಾನ ಪುಟಿಯುವುದು ಚಕ್ರದ ಕಾಲುಗಳ ಸ್ಪ್ರಿಂಗ್‌ನಿಂದ ಎಂದೇ ಬಹಳ ಮಂದಿ ಅಂದುಕೊಂಡಿದ್ದಾರೆ. ಸ್ಪ್ರಿಂಗ್‌ನ ಪಾಲು ಇದೆ, ಆದರೆ ದೊಡ್ಡ ಪಾಲು ರೆಕ್ಕೆಯದು. ಕೆಳಗಿಳಿಯುವ ರಭಸ ಉಳಿದಿರುವಾಗಲೇ ಮುಖ್ಯ ಚಕ್ರಗಳು ತಾಗಿದರೆ, ಅವುಗಳ ಹಿಂದಿರುವ ತೂಕ ಕೆಳಗೆ ಹೋಗುತ್ತಲೇ ಇರುತ್ತದೆ. ಬಾಲ ಕುಸಿಯುತ್ತದೆ, ಮೂಗು ಏಳುತ್ತದೆ, ರೆಕ್ಕೆ ಗಾಳಿಯನ್ನು ಎದುರಿಸುವ ಕೋನ ಹಿಗ್ಗುತ್ತದೆ. ವೇಗ ಇನ್ನೂ ಇದೆಯಲ್ಲ, ವಿಮಾನ ಮತ್ತೆ ಹಾರುತ್ತದೆ! ಹೆದರಿದ ಪೈಲಟ್ ಸ್ಟಿಕ್ಕನ್ನು ಮುಂದಕ್ಕೆ ತಳ್ಳಿದರೆ ಎರಡನೆಯ ಸಲ ಇನ್ನೂ ಜೋರಾಗಿ ಬಡಿಯುತ್ತದೆ, ಮೂರನೆಯ ಸಲ ಪ್ರೊಪೆಲ್ಲರ್ ನೆಲ ಕಾಣುತ್ತದೆ. ಸಣ್ಣ ಪುಟಿತವಾದರೆ ಮೂಗಿನ ಭಂಗಿಯನ್ನು ಹಾಗೇ ಹಿಡಿದು, ತುಸು ಥ್ರಾಟಲ್ ಕೊಟ್ಟು ಮತ್ತೆ ಕೂರಿಸಬಹುದು. ಅದಕ್ಕಿಂತ ದೊಡ್ಡದಾದರೆ ಪೂರ್ತಿ ಥ್ರಾಟಲ್, ಇನ್ನೊಂದು ಸುತ್ತು. ಆ ನಿರ್ಧಾರಕ್ಕೆ ಸಂಕೋಚ ಬೇಡ.

ಕೂತ ಮೇಲೆ ಏನು? ಇಲ್ಲಿಂದ ಕಾಲುಗಳ ಕೆಲಸ. ವೇಗ ಇರುವಾಗ ರಡ್ಡರ್‌ಗೆ ಗಾಳಿ ಸಿಗುತ್ತದೆ. ತೀರ ನಿಧಾನವಾದಾಗ ಬಾಲಚಕ್ರ ಮತ್ತು ಬ್ರೇಕ್ ಸಾಕು. ನಡುವೆ ಒಂದು ಹೊತ್ತು ಬರುತ್ತದೆ: ಬಾಲ ತಗ್ಗಿದೆ, ರಡ್ಡರ್ ಎಂಜಿನ್ ಮತ್ತು ಮೈಯ ಮರೆಗೆ ಬಂದಿದೆ, ಆದರೆ ವೇಗ ಇನ್ನೂ ರೆಕ್ಕೆ ಮುರಿಯುವಷ್ಟಿದೆ. ಬಹಳಷ್ಟು ಗ್ರೌಂಡ್ ಲೂಪ್ ಹುಟ್ಟುವುದು ಅಲ್ಲಿ, ಪೈಲಟ್ ನಿಟ್ಟುಸಿರು ಬಿಟ್ಟು ಕಾಲು ಸಡಿಲಿಸಿದಾಗ. ಮೂಗು ಕದಲುವ ಮೊದಲ ಸುಳಿವಿಗೇ ಪೆಡಲ್ ಮೇಲೆ ಒಂದು ಚಿಕ್ಕ ಒತ್ತು, ಕೂಡಲೇ ಬಿಡು. ಒತ್ತಿ ಹಿಡಿದರೆ ಮೂಗು ನಡುವನ್ನು ದಾಟಿ ಆಚೆಗೆ ಹೋಗುತ್ತದೆ, ಆಮೇಲೆ ಅದರ ಹಿಂದೆ ಓಡುವುದೇ ಆಗುತ್ತದೆ. ಕೈ ಮೀರುತ್ತಿದೆ ಎನಿಸಿದರೆ ಎದುರು ರಡ್ಡರ್ ಪೂರ್ತಿ, ಜೊತೆಗೆ ಥ್ರಾಟಲ್‌ನ ಒಂದು ಗುಕ್ಕು. ಪ್ರೊಪೆಲ್ಲರ್ ಗಾಳಿ ರಡ್ಡರ್‌ಗೆ ಬಡಿದು ಅದಕ್ಕೆ ಜೀವ ಬರುತ್ತದೆ. ಬೇಕಿದ್ದರೆ ಎದುರು ಬದಿಯ ಬ್ರೇಕ್. ಎರಡೂ ಬ್ರೇಕನ್ನು ಒಟ್ಟಿಗೆ ಬಲವಾಗಿ ತುಳಿದರೆ ಮುಗ್ಗರಿಸುತ್ತೀರಿ.

ನಮ್ಮ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ ಮೇಲೆ ಇದನ್ನೆಲ್ಲ ಇಟ್ಟು ನೋಡೋಣ. ಅದು ಸರಿಸುಮಾರು ಪೂರ್ವ ಪಶ್ಚಿಮವಾಗಿ ಮಲಗಿದೆ, ಉದ್ದ ಸುಮಾರು 1,740 ಮೀಟರ್. ಸಣ್ಣ ವಿಮಾನಕ್ಕೆ ಉದ್ದ ಧಾರಾಳ. ಗಮನಿಸಬೇಕಾದ್ದು ಗಾಳಿ ಮತ್ತು ಬಿಸಿಲು. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ, ನೈಋತ್ಯದಿಂದ ಬೀಸುತ್ತದೆ. ಪಶ್ಚಿಮಕ್ಕೆ ಮುಖ ಮಾಡಿ ಇಳಿಯುವವನಿಗೆ ಅದು ಎಡಗಡೆಯಿಂದ ಓರೆಯಾಗಿ ತಾಗುತ್ತದೆ. 30 ಡಿಗ್ರಿ ಓರೆಯಲ್ಲಿ 16 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಗಾಳಿ ಇದ್ದರೆ ಅಡ್ಡಗಾಳಿಯ ಪಾಲು 8 ನಾಟ್. ಎಡ ರೆಕ್ಕೆಯನ್ನು ತುಸು ತಗ್ಗಿಸಿ, ಬಲ ರಡ್ಡರ್‌ನಿಂದ ಮೂಗನ್ನು ನೇರ ಹಿಡಿದು, ಎಡ ಚಕ್ರ ಮತ್ತು ಬಾಲಚಕ್ರ ಮೊದಲು ತಾಗುವಂತೆ ಕೂರಿಸಬೇಕು. ವೇಗ ಇಳಿದಂತೆ ಎಡಕ್ಕೆ ಸ್ಟಿಕ್ ಹೆಚ್ಚಿಸುತ್ತ ಹೋಗಬೇಕು, ಏಕೆಂದರೆ ನಿಧಾನವಾದಷ್ಟೂ ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಏಲೆರಾನ್‌ಗೆ ಬಲ ಸಾಲದು. ಡಾಂಬರು ಇನ್ನೊಂದು ವಿಚಾರ. ಹುಲ್ಲಿನ ನೆಲದಲ್ಲಿ ಟೈರ್ ಸ್ವಲ್ಪ ಅಡ್ಡ ಜಾರಿ ಓರೆಯನ್ನು ಮನ್ನಿಸುತ್ತದೆ. ಡಾಂಬರು ಟೈರನ್ನು ಹಿಡಿದುಕೊಂಡುಬಿಡುತ್ತದೆ.

ಬಿಸಿಲಿನ ಲೆಕ್ಕ ನೋಡಿ. ಮಂಡಕಳ್ಳಿ ಸಮುದ್ರ ಮಟ್ಟದಿಂದ ಸುಮಾರು 2,400 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಬಿಸಿಯಲ್ಲಿ ಅಲ್ಲಿನ ಗಾಳಿ ಸುಮಾರು 5,000 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ವೇಗಮಾಪಕ 80 ನಾಟ್ ತೋರಿಸುವಾಗ ವಿಮಾನದ ನಿಜ ವೇಗ 86ರ ಹತ್ತಿರ. ಪೈಲಟ್‌ಗೆ ಮಾಪಕದಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ, ರೆಕ್ಕೆಗೂ ಗೊತ್ತಾಗುವುದಿಲ್ಲ. ಚಕ್ರಕ್ಕೆ ಗೊತ್ತಾಗುತ್ತದೆ: ಗಾಳಿಯಿಲ್ಲದ ಹೊತ್ತಿನಲ್ಲಿ ಶೇಕಡಾ 8 ವೇಗ ಹೆಚ್ಚು ಎಂದರೆ ಚಲನಶಕ್ತಿ ಸುಮಾರು ಶೇಕಡಾ 16 ಹೆಚ್ಚು. ಬಾಲಚಕ್ರ ಕಲಿಯುವವರಿಗೆ ಬೆಳಗಿನ ಹೊತ್ತು ಒಳ್ಳೆಯದೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಮೆಕ್ಯಾನಿಕಲ್ ಓದುತ್ತಿರುವವರಿಗಾಗಿ ಒಂದು ಮಾತು. ಪೈಲಟ್‌ನ ಕಾಲು ಎಷ್ಟೇ ಚುರುಕಾಗಿದ್ದರೂ ಚಕ್ರಗಳ ಜೋಡಣೆ ಕೆಟ್ಟಿದ್ದರೆ ಕಷ್ಟ. ಎರಡು ಮುಖ್ಯ ಚಕ್ರಗಳು ಮುಂದಕ್ಕೆ ಒಳಮುಖವಾಗಿ ತಿರುಗಿವೆ ಎಂದುಕೊಳ್ಳಿ, ಅಂದರೆ ಟೋ-ಇನ್. ವಿಮಾನ ಎಡಕ್ಕೆ ಹೊರಳಿದಾಗ ಭಾರ ಬೀಳುವುದು ಹೊರಬದಿಯ ಬಲ ಚಕ್ರದ ಮೇಲೆ. ಆ ಚಕ್ರದ ಮುಖ ಎಡಕ್ಕಿದೆ, ಹಾಗಾಗಿ ಅದು ತಿರುವನ್ನು ಇನ್ನೂ ಬಿಗಿ ಮಾಡುತ್ತದೆ. ಚಕ್ರಗಳು ನೇರವಾಗಿದ್ದರೆ, ಇಲ್ಲವೇ ಕೂದಲೆಳೆ ಹೊರಮುಖವಾಗಿದ್ದರೆ ಭಾರ ಬಿದ್ದ ಚಕ್ರ ವಿಮಾನವನ್ನು ತಿರುವಿನಿಂದ ಹೊರಗೆಳೆಯುತ್ತದೆ. ಎರಡೂ ಟೈರ್‌ಗಳಲ್ಲಿ ಒಂದೇ ಒತ್ತಡ ಇರಬೇಕು. ರಡ್ಡರ್‌ನಿಂದ ಬಾಲಚಕ್ರಕ್ಕೆ ಹೋಗುವ ಸ್ಪ್ರಿಂಗ್ ಮತ್ತು ಸರಪಳಿ ಜೋಲು ಬಿದ್ದಿರಬಾರದು. ಬಹಳಷ್ಟು ಬಾಲಚಕ್ರಗಳು ಒಂದು ಕೋನದವರೆಗೆ ರಡ್ಡರ್ ಮಾತು ಕೇಳಿ, ಅದನ್ನು ದಾಟಿದರೆ ಬಿಟ್ಟುಕೊಂಡು ಸುತ್ತಲೂ ತಿರುಗುತ್ತವೆ. ಒಳಗಿನ ಕಚ್ಚು ಸವೆದಿದ್ದರೆ ಬಿಟ್ಟುಕೊಳ್ಳಬಾರದ ಹೊತ್ತಿನಲ್ಲಿ ಬಿಟ್ಟುಕೊಳ್ಳುತ್ತದೆ. ಕೆಲವು ವಿಮಾನಗಳಲ್ಲಿ ಬಾಲಚಕ್ರವನ್ನು ನೇರಕ್ಕೆ ಬಂಧಿಸುವ ಲಾಕ್ ಇರುತ್ತದೆ. ಇಳಿಯುವ ಮುನ್ನ ಅದನ್ನು ಹಾಕಿದೆಯೇ ಎಂದು ನೋಡುವುದು ಚೆಕ್‌ಲಿಸ್ಟ್‌ನಲ್ಲಿ ಇರಲೇಬೇಕು.

ಟ್ಯಾಕ್ಸಿ ಮಾಡುವಾಗಲೂ, ಅಂದರೆ ನೆಲದ ಮೇಲೆ ನಿಧಾನವಾಗಿ ಓಡಿಸುವಾಗಲೂ, ಮುಂದೆ ಕಾಣುವುದಿಲ್ಲವಲ್ಲ, ಹಾವಿನಂತೆ ಎಡಬಲಕ್ಕೆ ತಿರುಗುತ್ತ ಸಾಗಬೇಕು. ಎಡಕ್ಕೆ ತಿರುಗಿದಾಗ ಬಲ ಕಿಟಕಿಯಿಂದ ಮುಂದಿನ ದಾರಿ ನೋಡುವುದು, ಮತ್ತೆ ಬಲಕ್ಕೆ. ಎದುರುಗಾಳಿಯಲ್ಲಿ ಸ್ಟಿಕ್ ಹಿಂದೆ, ಹಿಂಗಾಳಿ ಜೋರಾಗಿದ್ದರೆ ಮುಂದೆ. ಓರೆಯಾಗಿ ಎದುರಿನಿಂದ ಬಂದರೆ ಸ್ಟಿಕ್ ಗಾಳಿಯ ಕಡೆಗೆ, ಹಿಂದಿನಿಂದ ಬಂದರೆ ಗಾಳಿಗೆ ವಿಮುಖವಾಗಿ. ಏಪ್ರಿಲ್, ಮೇ ಸಂಜೆಯ ಗುಡುಗು ಮಳೆಗೆ ಮುಂಚೆ ಏಳುವ ಬಿರುಗಾಳಿ 325 ಕಿಲೋದ ವಿಮಾನವನ್ನು ಎತ್ತಿ ಹಾಕುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಹೊರಗೆ ನಿಲ್ಲಿಸುವುದೇ ಆದರೆ ಮೂಗು ಗಾಳಿಗೆ, ಮೂರು ಕಡೆ ಹಗ್ಗ, ಚಕ್ರಕ್ಕೆ ಅಡ್ಡಗಟ್ಟೆ, ಸ್ಟಿಕ್ಕನ್ನು ಹಿಂದಕ್ಕೆ ಎಳೆದು ಸೀಟ್ ಬೆಲ್ಟ್‌ನಿಂದ ಬಿಗಿಯುವುದು. ಕೈಯಿಂದ ತಳ್ಳುವಾಗ ಪ್ರೊಪೆಲ್ಲರ್ ಮುಟ್ಟಬೇಡಿ. ಸ್ವಿಚ್ ಆಫ್ ಇದ್ದರೂ ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋವನ್ನು ನಿಷ್ಕ್ರಿಯ ಮಾಡುವ ತಂತಿ ಒಳಗೆ ಕಡಿದಿದ್ದರೆ ಎಂಜಿನ್ ಒಂದೇ ತಿರುವಿಗೆ ಕಿಡಿ ಹೊತ್ತಿಸಿಕೊಳ್ಳಬಹುದು.

ಒಬ್ಬ ವಿದ್ಯಾರ್ಥಿ ಎದ್ದು, “ಸರ್, ನಾವು ಏರ್‌ಲೈನ್‌ಗೆ ಹೋಗುವವರು, ಇದನ್ನೆಲ್ಲ ಕಲಿತು ಏನು ಪ್ರಯೋಜನ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಮೂಗುಚಕ್ರದ ವಿಮಾನದಲ್ಲಿ ಓರೆಯಾಗಿ ಇಳಿದರೂ ಅದು ತಾನೇ ನೇರವಾಗುತ್ತದೆ, ಟೈರ್ ಸ್ವಲ್ಪ ಕಿರುಚುತ್ತದೆ, ಅಷ್ಟೇ. ಓರೆಯಾಗಿದ್ದೆ ಎಂಬುದೇ ಪೈಲಟ್‌ಗೆ ತಿಳಿಯದೆ ಹೋಗಬಹುದು. ಬಾಲಚಕ್ರ ಅದನ್ನು ತಿಳಿಸದೆ ಬಿಡುವುದಿಲ್ಲ. ಕೆಲವೇ ಗಂಟೆ ಕಲಿತವರೂ ಸೆಸ್ನಾಗೆ ಮರಳಿದಾಗ ಅಡ್ಡಗಾಳಿಯಲ್ಲಿ ಅವರ ಕಾಲು ಬೇರೆ ರೀತಿಯೇ ದುಡಿಯುತ್ತದೆ. ದಕ್ಷಿಣ ಕರ್ನಾಟಕದಲ್ಲಿ ತರಬೇತಿ ಶಾಲೆಗಳು ಸೇರಿ ಒಂದಾದರೂ ಡೆಕಾಥ್ಲಾನ್‌ನಂಥ ವಿಮಾನ ತಂದಿಟ್ಟುಕೊಂಡು, ಪ್ರತಿ ವಿದ್ಯಾರ್ಥಿಗೂ ಅದರಲ್ಲಿ ಕೆಲವು ಗಂಟೆ ಕೊಡಬೇಕು ಎಂಬುದು ನನ್ನ ಬಹುದಿನದ ಆಸೆ. ಆ ಗಂಟೆಗಳಲ್ಲಿ ಮೊದಲನೆಯದರಲ್ಲಿ ಹಾರಾಟವೇ ಬೇಡ. ಬರೀ ಟ್ಯಾಕ್ಸಿ, ಆಮೇಲೆ ರನ್‌ವೇ ಮೇಲೆ ನಿಧಾನದ ಓಟ, ಆಮೇಲೆ ತುಸು ವೇಗದ ಓಟ.

ಕೊನೆಯ ಪ್ರಶ್ನೆ ಕೇಳಿದ ವಿದ್ಯಾರ್ಥಿನಿ, “ಸರ್, ನನ್ನ ಎತ್ತರ ಕಡಿಮೆ. ಪೆಡಲ್ ಪೂರ್ತಿ ಒತ್ತೋಕೆ ಕಾಲು ಎಟಕುತ್ತಾ?” ಎಂದರು. ಎಟಕುವಂತೆ ಮಾಡಿಕೊಳ್ಳಬಹುದಮ್ಮ. ಬೆನ್ನ ಹಿಂದೆ ಗಟ್ಟಿ ದಿಂಬು, ಕೆಳಗೆ ಇನ್ನೊಂದು. ಮೆತ್ತನೆಯ ಸ್ಪಂಜು ಬೇಡ, ಅದು ಅದುಮಿಕೊಂಡು ನಿಮ್ಮನ್ನು ಹಿಂದಕ್ಕೆ ಜಾರಿಸುತ್ತದೆ. ಕಸರತ್ತಿನ ವಿಮಾನದಲ್ಲಿ ಪ್ಯಾರಾಶೂಟ್ ಕಟ್ಟಿಕೊಂಡು ಅದರ ಮೇಲೆಯೋ ಅದಕ್ಕೊರಗಿಯೋ ಕೂರುತ್ತೀರಿ, ಅದರ ದಪ್ಪವೂ ಲೆಕ್ಕಕ್ಕೆ ಬರಬೇಕು. ಎಂಜಿನ್ ಶುರು ಮಾಡುವ ಮುಂಚೆ ಬೆಲ್ಟ್ ಬಿಗಿದು, ಎಡ ಪೆಡಲನ್ನು ಕೊನೆಯವರೆಗೆ ಒತ್ತಿ, ಹಾಗೆಯೇ ಎಡ ಬ್ರೇಕ್ ಹಾಕಿ ನೋಡಿ. ಬಲಕ್ಕೂ ಅದೇ. ಪೂರ್ತಿ ಪೆಡಲ್ ಮತ್ತು ಆ ಬದಿಯ ಬ್ರೇಕ್ ಎರಡೂ ಒಟ್ಟಿಗೆ ಎಟಕದಿದ್ದರೆ ಅವತ್ತು ಹಾರುವುದು ಬೇಡ. ಎಟಕಿದರೆ ಆ ದಿಂಬುಗಳ ಮೇಲೆ ಹೆಸರು ಬರೆದಿಟ್ಟು ಪ್ರತಿ ಸಲ ಅವನ್ನೇ ಬಳಸಿ. ಕಣ್ಣಿನ ಎತ್ತರ ಒಂದು ಇಂಚು ಬದಲಾದರೂ ಎಂಜಿನ್ ಮುಚ್ಚಳದ ಆಚೀಚೆ ಕಾಣುವ ಆ ಎರಡು ತ್ರಿಕೋನಗಳ ಅಳತೆ ಬದಲಾಗುತ್ತದೆ, ನೀವು ಕಲಿತ ನೋಟವನ್ನು ಮತ್ತೆ ಮೊದಲಿಂದ ಕಲಿಯಬೇಕಾಗುತ್ತದೆ.